ಗೋದತ್ತಿಯ ತೂಕ

ಗೋದಾಬಾಯಿ ಸಾಧ್ವಿಯಾಗಿದ್ದಳು, ಶಾಂತ ಸ್ವಭಾವದವಳಾಗಿದ್ದಳು ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಆಕೆಯ ಜೊತೆ ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಕಳೆದವಳು ನಾನು. ನನ್ನ ಗಂಡ ಏಕನಾಥನಿಗೆ ಆಕೆ ಸೋದರತ್ತೆ. ಅವನ ತಂದೆ ತಾಯಿ ನಾನು ಬರುವ ಮೊದಲೇ ತೀರಿಹೋಗಿದ್ದರು. ಹಳೇ ಹುಬ್ಬಳ್ಳಿಯ ಆ ಮನೆಯಲ್ಲಿ ಅಡುಗೆಮನೆಯ ಆಳ್ವಿಕೆ ಪೂರ್ತಿ ಗೋದತ್ತಿಯದು. ಮದುವೆಯಾಗಿ ಬಂದ ಮೂರನೆಯ ದಿನ ನಾನು ಮಾಡಿದ ಸಾರನ್ನು ಆಕಳ ಬಾನಿಗೆ ಸುರಿದು, "ಬೆಳಗಾವಿಯಾಕಿ ಸಾರು ಆಕಳಿಗೆ ಛಲೋ ಆಗ್ತದ" ಎಂದಳು. ಮೃಣಾಲಿನಿ ಎಂಬ ನನ್ನ ಹೆಸರು ಆಕೆಯ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಕೊನೆಯತನಕ ನಾನು ಬೆಳಗಾವಿಯಾಕಿ.

ನಾನೇನು ಕಮ್ಮಿ ಇದ್ದೆನೇ? ಆಕೆ ಒಂದು ಅಂದರೆ ನಾನು ಎರಡು ಅನ್ನುತ್ತಿದ್ದೆ. ಏಕನಾಥ ಪಾಪ, ಹತ್ತಿ ಪ್ರೆಸ್ಸಿನಲ್ಲಿ ತೂಕದ ಗುಮಾಸ್ತ. ಅಲ್ಲಿಯ ಗದ್ದಲವೇ ವಾಸಿ ಎಂದು ಭಾನುವಾರ ಕೂಡ ಪ್ರೆಸ್ಸಿಗೆ ಹೋಗಿ ಕೂಡುತ್ತಿದ್ದ.

ಆಕೆಯ ಬಾಳು ಎಂಥದಿತ್ತು ಅಂದರೆ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ಎಂಟಕ್ಕೆ ಮದುವೆ. ಹುಬ್ಬಳ್ಳಿಗೆ ಪ್ಲೇಗು ಬಂದ ವರ್ಷ, ಹನ್ನೊಂದಕ್ಕೆ, ಗಂಡ ಹೋದ. ಅವನ ಮುಖ ಕೂಡ ನೆನಪಿರಲಿಲ್ಲ. ತಲೆ ಬೋಳಿಸಿ, ಕೆಂಪು ದಪ್ಪ ಸೀರೆ ಉಡಿಸಿ, ಅಣ್ಣನ ಮನೆಯ ಒಲೆಯ ಮುಂದೆ ತಂದು ಕೂಡಿಸಿದರು. ಅಂದಿನಿಂದ ದಿನಕ್ಕೆ ಒಂದೇ ಊಟ, ಅದೂ ಮನೆಮಂದಿಯೆಲ್ಲ ಉಂಡ ಮೇಲೆ, ಮಧ್ಯಾಹ್ನ ಎರಡಕ್ಕೋ ಮೂರಕ್ಕೋ. ಏಕಾದಶಿಗೆ ನೀರೂ ಇಲ್ಲ. ಚಾತುರ್ಮಾಸ್ಯದ ನಾಲ್ಕು ತಿಂಗಳು ಸರದಿ ಪ್ರಕಾರ ಮೊದಲು ಕಾಯಿಪಲ್ಯ ಬಿಡುವುದು, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆ. ಓಣಿಯ ಹೆಂಗಸರು ತಮ್ಮ ಸೊಸೆಯಂದಿರಿಗೆ "ಗೋದಕ್ಕನ್ನ ನೋಡಿ ಕಲೀರಿ" ಎನ್ನುತ್ತಿದ್ದರು. ಅದನ್ನು ಕೇಳಿದ ದಿನ ಆಕೆ ಅರ್ಧ ಊಟವನ್ನೂ ಬಿಡುತ್ತಿದ್ದಳು. ಅಷ್ಟು ಸೊಕ್ಕು ಆಕೆಗೆ ತನ್ನ ಹಸಿವಿನ ಬಗ್ಗೆ.

ಮೂವತ್ತೆಂಟನೆಯ ಇಸವಿಯ ಬೇಸಿಗೆ. ಹಿತ್ತಲಲ್ಲಿ ಕೋಲಿನ ಮೇಲೆ ಒಣಗುತ್ತಿದ್ದ ಆಕೆಯ ಮಡಿ ಸೀರೆಯ ಮೇಲೆ ನಾನು ಕಲೆ ಕಂಡೆ. ಮಡಿ ಅರಿವೆಯನ್ನು ನಾನು ಮುಟ್ಟುವಂತಿಲ್ಲ, ಆದರೆ ಕಣ್ಣು ಇತ್ತಲ್ಲ. ಕೆಂಪು ಸೀರೆಯ ಮೇಲೆ ಕೀವು ಒಣಗಿ ಬಿಳಿಚಿತ್ತು. ಕೇಳಿದ್ದಕ್ಕೆ, "ನನ್ನ ಸೀರಿ ನೋಡ್ಲಿಕ್ಕೆ ನಿನಗ ಯಾರು ಪಗಾರ ಕೊಡ್ತಾರ?" ಎಂದಳು. ನಾನು ಬಿಡಲಿಲ್ಲ. ಎರಡು ದಿನ ಜಗಳವಾಡಿ ಸೆರಗು ಸರಿಸಿದೆ. ಎಡ ಎದೆಯಲ್ಲಿ ಲಿಂಬೆಹಣ್ಣಿನಷ್ಟು ಗಡ್ಡೆ, ಅದರ ತುದಿ ಒಡೆದಿತ್ತು. ವರ್ಷದಿಂದ ಅದನ್ನು ಹೊತ್ತುಕೊಂಡು ಒಲೆ ಊದುತ್ತಿದ್ದಳು ಹೆಂಗಸು! ನನಗೆ ಮರುಕ ಬರಲಿಲ್ಲ, ಸಿಟ್ಟು ಬಂತು. ಈಗಲೂ ಬರುತ್ತದೆ.

ರೈಲಿನಲ್ಲಿ ಅರ್ಧ ದಿನದ ದಾರಿಯ ಒಂದು ಮಿಶನ್ ದವಾಖಾನೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರಬಾಯಿ ಗಡ್ಡೆಯನ್ನು ಕೊಯ್ದು ತೆಗೆದಳು. ಬೇರು ಉಳಿದಿರಬಾರದೆಂದು ಮೇಲಿಂದ ಯಂತ್ರದ ಕಿರಣ ಹಾಯಿಸಿದಳು. ಕಿರಣ ಬಿದ್ದ ದಿನ ಗೋದತ್ತಿಗೆ ಹೊಟ್ಟೆ ತೊಳಸಿ, ಕರುಳು ಕಿತ್ತು ಬರುವಂಥ ವಾಂತಿ. ನಾನು ಛತ್ರದಲ್ಲಿ ಸ್ಟೋವ್ ಹಚ್ಚಿ ಗಂಜಿ ಮಾಡಿ ಒಯ್ದರೆ, ವಾಂತಿಯ ನಡುವೆಯೂ, "ಉಪ್ಪು ಹಾಕೂದು ಬೆಳಗಾವಿಯೊಳಗ ರೂಢಿ ಇಲ್ಲೇನು?" ಎನ್ನುತ್ತಿದ್ದಳು.

ಡಾಕ್ಟರಬಾಯಿ ಒಂದು ಉಪಾಯ ಹೇಳಿದಳು. "ಕಿರಣದ ದಿನ ಮುಂಜಾನಿ ಏನೂ ಕೊಡಬ್ಯಾಡ್ರಿ. ಬರಿಹೊಟ್ಟಿ ಇರ್ಲಿ, ವಾಂತಿ ಕಡಿಮಿ ಆಗ್ತದೇನೋ ನೋಡೋಣು. ಆದ್ರ ಸಂಜಿಯಿಂದ ತಿನ್ನಬೇಕು. ಮರುದಿನ ಪೂರ್ತಿ ತಿನ್ನಬೇಕು. ಹಾಲು, ತುಪ್ಪ, ಬ್ಯಾಳಿ. ಇಲ್ಲಾಂದ್ರ ಈ ಮೈ ತಡಕೊಳ್ಳಾಂಗಿಲ್ಲ."

ಗೋದತ್ತಿಯ ಮುಖ ಅರಳಿತು. "ಅಂದ್ರ ಏಕಾದಶಿ, ಮರುದಿನ ದ್ವಾದಶಿ ಪಾರಣಿ" ಎಂದಳು. ಡಾಕ್ಟರಬಾಯಿಗೆ ಪಾರಣೆ ಗೊತ್ತಿರಲಿಲ್ಲ. ಉಪವಾಸ ಮುರಿದು ಉಣ್ಣುವುದು ಎಂದು ನಾನು ಬಿಡಿಸಿ ಹೇಳಿದೆ. "ಹಾಂ, ಅದೇ" ಎಂದಳು. ಆಮೇಲಿನ ದಿನಗಳಲ್ಲಿ ವಾಂತಿ ಸ್ವಲ್ಪ ಇಳಿಯಿತು. ಕಿರಣದಿಂದಲೋ, ಬರಿಹೊಟ್ಟೆಯಿಂದಲೋ, ರೂಢಿಯಾಗಿಯೋ, ನನಗೆ ಗೊತ್ತಿಲ್ಲ. ಗೋದತ್ತಿ ಮಾತ್ರ ತನ್ನ ಏಕಾದಶಿಗೆ ಬಿಳಿ ಕೋಟಿನವರೂ ತಲೆಬಾಗಿದರು ಎಂದು ಬೀಗಿದಳು.

ಶ್ರಾವಣದ ಕೊನೆಯ ವಾರ ಮನೆಗೆ ಕಳಿಸಿದರು. ಹೊರಡುವ ದಿನ ದವಾಖಾನೆಯ ಕಾಟಾದ ಮೇಲೆ ನಿಲ್ಲಿಸಿದಾಗ ಎಪ್ಪತ್ತೊಂಬತ್ತು ಪೌಂಡು ತೂಗಿದಳು. "ದಸರಾ ಆದ ಎರಡು ದಿನಕ್ಕ ವಾಪಸ್ ಬರ್ರಿ, ಎರಡನೇ ಸರ್ತಿ ಕಿರಣ ಕೊಡೋದದ" ಎಂದಳು ಡಾಕ್ಟರಬಾಯಿ. "ಆದ್ರ ಎಂಬತ್ತೈದು ಪೌಂಡು ಆಗಿರಬೇಕು. ಕಡಿಮಿ ಇದ್ರ ನಾ ಕೊಡಾಂಗಿಲ್ಲ. ರೋಗದಕಿಂತ ಮೊದಲ ಕಿರಣನೇ ಕೊಲ್ತದ. ವಾರವಾರ ತೂಕ ಮಾಡಿ ಕಾಗದ ಬರೀರಿ." ಏಳು ವಾರದಲ್ಲಿ ಆರು ಪೌಂಡು. ನನಗೆ ಅದು ಮಹಾ ದೊಡ್ಡ ಕೆಲಸ ಅನ್ನಿಸಲಿಲ್ಲ. ದಿನಕ್ಕೆರಡು ಊಟ, ಮೂರು ಲೋಟ ಹಾಲು, ಮುಗಿಯಿತು.

ಹಾಲು ಬಿಡುವ ತಿಂಗಳು ಭಾದ್ರಪದದ ಶುಕ್ಲ ಏಕಾದಶಿಗೆ ಸುರುವಾಗುವುದಿತ್ತು. ನಾನೇ ಮಠಕ್ಕೆ ಹೋಗಿ ಆಚಾರ್ಯರನ್ನು ಕೇಳಿ ಬಂದೆ. "ಔಷಧಕ್ಕ ವ್ರತದ ದೋಷ ಇಲ್ಲ, ಕುಡೀಲಿ" ಎಂದರು. ಗೋದತ್ತಿ ಗೊಣಗಿದಳು, ಆದರೂ ಕುಡಿದಳು. ನಾಲ್ಕು ದಿನ ಎಲ್ಲ ಸರಿ ನಡೆಯಿತು.

ಐದನೆಯ ದಿನ ಧಾರವಾಡದಿಂದ ಬಿಂದುಮಾಧವ ಕಾಕಾ ಬಂದರು. ಇವರು ಗೋದತ್ತಿಯ ತಮ್ಮ, ಸಾಲೆಯ ಮಾಸ್ತರು. ಮೂಲವ್ಯಾಧಿಗೆಂದು ಪುಣೆಯ ಕಡೆಯ ಒಂದು ನಿಸರ್ಗೋಪಚಾರ ಆಶ್ರಮಕ್ಕೆ ಹೋಗಿ ಇಪ್ಪತ್ತೊಂದು ದಿನ ಉಪವಾಸ ಮಾಡಿ ಬಂದಿದ್ದರು. ಅಂದಿನಿಂದ ಜಗತ್ತಿನ ಎಲ್ಲ ರೋಗಕ್ಕೂ ಇವರ ಜೇಬಿನಲ್ಲಿ ಮದ್ದು. ನೆಗಡಿಗೂ ಉಪವಾಸ, ಹಲ್ಲುನೋವಿಗೂ ಉಪವಾಸ. ಇವರ ಹೆಂಡತಿ ಮಕ್ಕಳ ಮುಖ ನೋಡಿದರೆ ಆ ಮನೆಯಲ್ಲಿ ಯಾರಿಗೂ ಯಾವ ರೋಗವೂ ಬರಬಾರದಪ್ಪಾ ಅನ್ನಿಸುತ್ತಿತ್ತು.

"ಗೋದಕ್ಕಾ, ಹಾಲು ಕುಡದು ನೀ ಗಡ್ಡಿಗೆ ಉಣಸ್ಲಿಕತ್ತಿ" ಎಂದರು ಕಾಕಾ. "ಉಣಸೂದು ಬಿಡು, ಅದು ತಾನ ಒಣಗಿ ಹೋಗ್ತದ. ಬರೇ ನೀರು, ಲಿಂಬಿಹಣ್ಣು. ನಿನಗೇನು ಉಪವಾಸ ಹೊಸಾದೇನು?"

ನನಗೆ ಮೈ ಉರಿಯಿತು. "ಕಾಕಾ, ಡಾಕ್ಟರಬಾಯಿ ಸ್ಪಷ್ಟ ಹೇಳ್ಯಾಳ್ರಿ. ಅರ್ಧ ದಿನ ಬರಿಹೊಟ್ಟಿ, ಆಮ್ಯಾಲ ಊಟ. ಏಕಾದಶಿಗೆ ದ್ವಾದಶಿ ಅದ. ನಿಮ್ಮ ಉಪವಾಸಕ್ಕ ಪಾರಣಿ ಎಂದ್ರೀ?"

"ಗಡ್ಡಿ ಕರಗಿದ ದಿನ."

"ಗಡ್ಡಿ ಕೊಯ್ದು ಒಗದಾರ್ರಿ, ಕರಗೂದೇನು ಉಳದದ?"

"ಬೇರು ಅದ ಅಂತ ಆ ಬಾಯಿನೇ ಹೇಳ್ಯಾಳಲ್ಲ? ಬೇರು ಒಣಗಸ್ತೀನಿ ನಾ" ಎಂದು ಕಾಕಾ ನನ್ನ ಕಡೆ ನೋಡದೆ ಹೇಳಿದರು. ಗೋದತ್ತಿಗೆ ಇನ್ನೇನು ಬೇಕು? ಒಂದು ಕಡೆ ನಲವತ್ತು ವರ್ಷದ ಕೀರ್ತಿ, ಇನ್ನೊಂದು ಕಡೆ ಬೆಳಗಾವಿಯಾಕಿಯ ಹಾಲು. ಲೋಟವನ್ನು ನನ್ನ ಮುಂದೆ ಕುಕ್ಕಿದಳು. ವಾರಕ್ಕೆ ಐದು ದಿನ ಲಿಂಬೆ ನೀರು, ಎರಡು ದಿನ ಮಧ್ಯಾಹ್ನ ಒಂದು ಹಿಡಿ ಅನ್ನ ಎಂದು ನಿಶ್ಚಯವಾಯಿತು. ಏಕನಾಥ ಬಾಯಿ ತೆರೆಯಲಿಲ್ಲ. ಕಾಕಾನೆದುರು ಅವನು ಎಂದೂ ತೆರೆದವನಲ್ಲ.

ಆಕೆ ಬದುಕಬೇಕೆಂದು ನನಗೇಕೆ ಅಷ್ಟು ಹಟ ಎಂದು ಕೇಳಬಹುದು. ಪ್ರೀತಿಯಲ್ಲ. ಎರಡು ತಿಂಗಳು ಆಕೆಯ ವಾಂತಿ ಬಳಿದಿದ್ದೆ, ಗಾಯ ತೊಳೆದಿದ್ದೆ. ನನ್ನ ಕೈಯಿಂದ ಉಳಿದ ಜೀವವನ್ನು ಈ ಮನುಷ್ಯ ಲಿಂಬೆಹಣ್ಣು ಹಿಂಡಿ ಹಾಳುಮಾಡುವುದು ನನ್ನಿಂದ ನೋಡಲಾಗುತ್ತಿರಲಿಲ್ಲ. "ತೂಕ ಇಳೀತದ, ನೋಡ್ರಿ. ಮೊದಲನೇ ವಾರದಾಗ ಗೊತ್ತಾಗ್ತದ" ಎಂದು ಸವಾಲು ಹಾಕಿದೆ.

ಹಾಕಿದ್ದೇ ತಪ್ಪಾಯಿತು.

ಏಕನಾಥ ಪ್ರೆಸ್ಸಿನಿಂದ ತೂಕದ ಫಕ್ರುಸಾಬನನ್ನು ಕರೆತಂದ. ಇಪ್ಪತ್ತೈದು ವರ್ಷ ಹತ್ತಿಯ ಅಂಡಗಿ, ಅಂದರೆ ದೊಡ್ಡ ಮೂಟೆ, ತೂಗಿದ ಮನುಷ್ಯ. ಬಾವಿಯ ಹತ್ತಿರ ಮೂರು ಕಂಬ ನೆಟ್ಟು ಅಡ್ಡದಾಂಡು ತೂಗುಹಾಕಿದ. ಒಂದು ತುದಿಗೆ ಗೋದತ್ತಿ ಕೂಡಲು ಹಲಗೆ, ಇನ್ನೊಂದು ತುದಿಗೆ ತೂಕದ ಬಟ್ಟಿನ ತಟ್ಟೆ. ನಡುವೆ ಧೋತರ ಕಟ್ಟಿ ಪರದೆ ಮಾಡಿದೆವು. ಫಕ್ರುಸಾಬ ಆ ಕಡೆ, ಅತ್ತೆ ಈ ಕಡೆ. ಒಣ ಹಲಗೆಗೆ ಸಮ ಮಾಡಿ ಅವನು "ಹೂಂ ಯವ್ವಾ, ಕೂಡ್ರಿ" ಎನ್ನುತ್ತಿದ್ದ.

ಹತ್ತಿ ಪ್ರೆಸ್ಸಿನ ಹಲಗೆ, ಯಾರು ಯಾರೋ ಮುಟ್ಟಿದ್ದು. ಗೋದತ್ತಿ ಅದರ ಮೇಲೆ ಕೂಡಬೇಕಲ್ಲ? ಮೊದಲು ಹಲಗೆಗೂ ಹಗ್ಗಕ್ಕೂ ಎರಡು ಕೊಡ ನೀರು ಸುರಿದಳು. ಆಮೇಲೆ ತಾನು ಬಾವಿಯ ನೀರು ತಲೆಯ ಮೇಲೆ ಹೊಯ್ದುಕೊಂಡು, ಸೀರೆ ಹಿಂಡಿ, ಒದ್ದೆ ಮಡಿಯಲ್ಲೇ ಏರಿ ಕೂತಳು. ಒದ್ದೆ ಸೀರೆಯಲ್ಲಿದ್ದರೆ ಮಡಿ ಕೆಡುವುದಿಲ್ಲ, ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತು. ನಾನು ಅಲ್ಲೇ ನಿಂತು ನೋಡಿದೆ. ನನಗೆ ಏನೂ ಅನ್ನಿಸಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದು ಕಣ್ಣಿಗೆ ಕಾಣಿಸುವುದಿಲ್ಲ ನೋಡಿ.

"ಎಂಬತ್ತೆರಡು" ಎಂದ ಫಕ್ರುಸಾಬ.

ಮೂರು ಪೌಂಡು ಏರಿತ್ತು! ಮರುವಾರವೂ ಎಂಬತ್ತೆರಡು. ಅದರ ಮರುವಾರ ಎಂಬತ್ಮೂರು. ಕಾಕಾ ಭಾನುವಾರ ಬಂದು ಆ ಚೀಟಿಗಳನ್ನು ಓಣಿಯವರಿಗೆಲ್ಲ ತೋರಿಸಿದರು. "ನೀರು ಕುಡದು ತೂಕ ಏರ್ಲಿಕತ್ತದ! ಮೈಯಾಗಿನ ಹೊಲಸು ಹೋದ್ರ ಶಕ್ತಿ ತಾನ ಬರ್ತದ" ಎಂದರು. ನನಗೆ, "ಏನವಾ ಡಾಕ್ಟರಬಾಯಿ ಶಿಷ್ಯಾ, ಏನಂತೀ ಈಗ?" ಎಂದು ಚುಚ್ಚಿದರು. ನಾನು ಏನನ್ನಲಿ? ಕಣ್ಣಿಗೆ ಆಕೆ ಸೊರಗುತ್ತಿದ್ದಳು, ಕತ್ತಿನ ಎಲುಬು ಎದ್ದು ಕಾಣುತ್ತಿತ್ತು. ಕಾಟಾ ಬೇರೆಯೇ ಹೇಳುತ್ತಿತ್ತು. ಏಕನಾಥ ಹೇಳಿದ, "ಕಣ್ಣು ಸುಳ್ಳು ಹೇಳಬಹುದು, ಬಟ್ಟು ಹೇಳಾಂಗಿಲ್ಲ." ಗುಮಾಸ್ತ ತಾನೇ! ದವಾಖಾನೆಗೆ ಅವನೇ ವಾರವಾರ ಕಾಗದ ಬರೆದ. ಡಾಕ್ಟರಬಾಯಿ ಸಂತೋಷವೆಂದು ಉತ್ತರ ಹಾಕಿದಳು. ನಾನು ಕೂಡ ನಂಬತೊಡಗಿದೆ. ಲಿಂಬೆಹಣ್ಣು ಕೊಯ್ದು ಕೊಟ್ಟವಳು ನಾನೇ. ಅದನ್ನು ಮುಚ್ಚಿಡುವುದಿಲ್ಲ.

ನಾಲ್ಕನೆಯ ವಾರ ಎಂಬತ್ಮೂರು, ಐದನೆಯ ವಾರ ಎಂಬತ್ನಾಲ್ಕು. ಒಂದೇ ಪೌಂಡು ಉಳಿದಿತ್ತು.

ನವರಾತ್ರಿ ಸುರುವಾದ ಮೇಲೆ ಆರನೆಯ ತೂಕ. ಅಂದು ಗೋದತ್ತಿಗೆ ಕೊಡ ಎತ್ತಲು ಆಗಲಿಲ್ಲ. ನೀರನ್ನು ನಾನೇ ಸೇದಿ ಹೊಯ್ದೆ. ಸೀರೆ ಹಿಂಡಲು ಕೈಯಲ್ಲಿ ಕಸುವಿರಲಿಲ್ಲ. ನೀರು ತೊಟ್ಟಿಕ್ಕುತ್ತಿದ್ದಂತೆಯೇ ಹೋಗಿ ಹಲಗೆಯ ಮೇಲೆ ಕೂತಳು. ಮೈಯಿಂದ ಹಲಗೆಗೆ, ಹಲಗೆಯಿಂದ ನೆಲಕ್ಕೆ ನೀರು ಹರಿದು ಪರದೆಯ ಅಡಿಯಿಂದ ಆ ಕಡೆ ಹೋಯಿತು.

"ಎಂಬತ್ತೈದು" ಎಂದ ಫಕ್ರುಸಾಬ. ಕಾಕಾ ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಫಕ್ರುಸಾಬ ಕಾಲೆತ್ತಿ ನೋಡಿಕೊಂಡ. "ಯವ್ವಾ, ಇದೇನು ಇಷ್ಟು ನೀರು? ಅವ್ವಾರು ತೊಯ್ಸಿಕೊಂಡು ಕೂಡಾಕತ್ತಾರೇನು?"

"ಹೂಂ, ಮಡಿ" ಎಂದೆ.

"ಯಾ ಅಲ್ಲಾ!" ಎಂದ ಅವನು. "ಪ್ರತಿ ಸರ್ತೀನೂ ಹಿಂಗೇನು? ನಮ್ಮ ಪ್ರೆಸ್ಸಿನ್ಯಾಗ ಹತ್ತಿಗೆ ನೀರು ಚಿಮಕಿಸಿ ತರ್ತಾರ್ರೀ ಕಳ್ಳ ನನ್ಮಕ್ಕಳು, ತೂಕ ಹೆಚ್ಚಾಗಲಿ ಅಂತ. ಹಸಿ ಅಂಡಗಿ ನಾ ಕಾಟಾಕ್ಕ ಏರಸಾಂಗಿಲ್ಲ. ನನಗ ಪರದೆ ಹಿಂದ ಏನು ಕಾಣಬೇಕ್ರಿ?"

ಆರು ವಾರ ಅಲ್ಲೇ ನಿಂತಿದ್ದೆನಲ್ಲ, ಹಾಳಾದವಳು! ಆಕೆ ಸೊರಗಿದಷ್ಟೂ ಹಿಂಡುವ ಶಕ್ತಿ ಕಡಿಮೆ, ಹಿಂಡುವುದು ಕಡಿಮೆಯಾದಷ್ಟೂ ತೂಕ ಜಾಸ್ತಿ. ಕಾಕಾ ಏರಿಸಿದ್ದು ಗೋದತ್ತಿಯನ್ನಲ್ಲ, ಬಾವಿಯ ನೀರನ್ನು. ನನ್ನ ಸೀರೆಯನ್ನೇ ಗೂಟದಿಂದ ಎಳೆದು ತಂದು, "ಇದನ್ನ ಉಟ್ಕೋರಿ. ಹಲಗಿ ಬದಲಿ ಮಾಡ್ತೀನಿ" ಎಂದೆ.

"ಮೈಲಿಗಿ ಸೀರಿ! ಮುಟ್ಟಬ್ಯಾಡ ನನ್ನ!" ಎಂದು ಚೀರಿದಳು. ಕಾಕಾ "ಏ, ಏನು ನಡಸೀದಿ?" ಎಂದು ಎದ್ದು ಬಂದರು. ನಾನು ಕೇಳಲಿಲ್ಲ. ಕೊನೆಗೆ ಪರದೆಯ ಒಳಗೆ ಆಕೆಯೇ ಸುಮ್ಮನಾದಳು, ಒದ್ದಾಡಲೂ ಕಸುವಿರಲಿಲ್ಲ. ಮೈ ಒರೆಸಿ ಒಣ ಸೀರೆ ಸುತ್ತಿ, ಒಣ ಹಲಗೆಯ ಮೇಲೆ ಕೂಡಿಸಿದೆ. ಫಕ್ರುಸಾಬ ಬಟ್ಟು ತೆಗೆಯುತ್ತಲೇ ಹೋದ. ತೆಗೆಯುವುದು ನಿಲ್ಲಲೇ ಇಲ್ಲ.

"ಎಪ್ಪತ್ನಾಲ್ಕು" ಎಂದ, ಮೆಲ್ಲಗೆ.

ಗೋದತ್ತಿ ನನ್ನ ಸೀರೆಯಲ್ಲಿ ಹಲಗೆಯ ಮೇಲೆ ಕೂತಿದ್ದಳು. "ನಿಮಗ ಗೊತ್ತಿತ್ತೇನ್ರಿ?" ಎಂದು ಕೇಳಿದೆ. ತಲೆ ಅಲ್ಲಾಡಿಸಿದಳು. ಆಮೇಲೆ ಹೇಳಿದಳು, "ಹಸಿವಾಗ್ಲಿಕತ್ತದ."

"ಎಂದಿನಿಂದ್ರಿ?" ಎಂದೆ. ಎಂಥ ದಡ್ಡ ಪ್ರಶ್ನೆ.

"ಹನ್ನೊಂದು ವರ್ಷದಾಕಿ ಇದ್ದಾಗಿಂದ" ಎಂದಳು. "ಒಂದ ದಿನಾನೂ ಹಸಿವು ತಪ್ಪಿಲ್ಲ ನನಗ. ರೂಢಿ ಆಗ್ತದ ಅಂದ್ರು. ಆಗ್ಲಿಲ್ಲ. ಉಂಡು ಎದ್ದವರ ಎಲಿ ಎತ್ತೂಮುಂದ ಬಾಯಾಗ ನೀರು ಬರ್ತದ. ಎಲ್ಲಾರೂ ಗೋದಕ್ಕ ಗೋದಕ್ಕ ಅಂತಿದ್ರಲ್ಲ, ಹ್ಯಾಂಗ ಹೇಳ್ಲಿ? ನಿನಗಂತೂ ಹೇಳ್ತಿದ್ದಿಲ್ಲ, ಬೆಳಗಾವಿಯಾಕಿ." ಹಾಗೆ ಹೇಳಿ ಅತ್ತಳು. ನಾನೂ ಅತ್ತೆ. ಇಬ್ಬರೂ ಸಿಟ್ಟಿನಿಂದಲೇ ಅತ್ತೆವು.

ಅಂದು ಸಂಜೆ ಆಕೆ ನಾನು ಬಡಿದ ಬಿಸಿ ಜೋಳದ ರೊಟ್ಟಿ, ಬೆಣ್ಣೆ, ಬದನೆಕಾಯಿ ಎಣ್ಣಿಗಾಯಿ ಉಂಡಳು. ಸೂರ್ಯ ಮುಳುಗುವ ಹೊತ್ತಿಗೆ, ವಿಧವೆ ಉಣ್ಣಬಾರದ ಹೊತ್ತಿನಲ್ಲಿ, ನನ್ನ ಕೈಯಿಂದ. ಎಣ್ಣಿಗಾಯಿಗೆ ಶೇಂಗಾ ಕಡಿಮೆ ಎಂದು ಬೈದೇ ಉಂಡಳು.

ಆದರೆ ಒಂದು ವಾರದಲ್ಲಿ ಎಷ್ಟು ತುಂಬೀತು? ದಸರೆಯ ಎರಡನೆಯ ದಿನ ದವಾಖಾನೆಯ ಕಾಟಾದ ಮೇಲೆ ಎಪ್ಪತ್ತಾರು. ಡಾಕ್ಟರಬಾಯಿ ಏಕನಾಥನ ಕಾಗದಗಳನ್ನು ಮೇಜಿನ ಮೇಲೆ ಹರಡಿ, ಅವನ ಮುಖ ನೋಡಿದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಆಕೆಗೆ ಬಂದಂಥ ಸಿಟ್ಟನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. "ಉಪವಾಸ ಮಾಡ್ರಿ ಅಂದಾಕಿ ನಾನೇ. ಆದ್ರ ಅರ್ಧ ದಿನ! ಅರ್ಧ ದಿನ ಅಂದಿದ್ದೆ, ಆರು ವಾರ ಅಂದಿದ್ದಿಲ್ಲ!" ಗೋದತ್ತಿಯ ಕಂಕುಳನ್ನು ಮುಟ್ಟಿ ನೋಡಿದಳು. ಅಲ್ಲಿ ಹೊಸ ಗಂಟು ಎದ್ದಿತ್ತು. ಹೊರಗೆ ಕರೆದು ನನಗೆ ಹೇಳಿದಳು, "ಈ ಮೈಗೆ ಈಗ ಕಿರಣ ಕೊಡಲಿಕ್ಕೆ ಆಗಾಂಗಿಲ್ಲ. ಕೊಟ್ಟಿದ್ರ ಉಳೀತಿದ್ರೋ ಇಲ್ಲೋ, ಅದನ್ನ ನಾ ಹೇಳಾಂಗಿಲ್ಲ, ಸುಳ್ಳಾಗ್ತದ. ಆದ್ರ ಒಂದು ಬಾಗಲಾ ಇತ್ತು. ಮುಚ್ಚಿಹೋತು. ಇನ್ನ ಕರಕೊಂಡು ಹೋಗ್ರಿ. ಏನು ಕೇಳ್ತಾರ, ಅದನ್ನ ಉಣಸ್ರಿ."

ಉಣಿಸಿದೆ. ಆರು ತಿಂಗಳು ಉಣಿಸಿದೆ. ದಿನಕ್ಕೆ ಮೂರು ಸಲ ಉಂಡಳು, ಏಕಾದಶಿಗೂ ಉಂಡಳು. ಕದ್ದುಮುಚ್ಚಿ ಅಲ್ಲ, ಬಾಗಿಲ ಕಟ್ಟೆಯ ಮೇಲೆ ಕೂತು, ಓಣಿಯವರು ನೋಡಲಿ ಎಂದೇ ಉಂಡಳು. ಮಾತಾಡಿಸಲು ಬರುತ್ತಿದ್ದ ಹೆಂಗಸರು ಬರುವುದು ಬಿಟ್ಟರು. "ಹೋಗ್ಲಿ, ರಂಡೇರು" ಎಂದಳು. ನಾವಿಬ್ಬರೂ ಅಕ್ಕತಂಗಿಯರಾದೆವು ಎಂದು ತಿಳಿಯಬೇಡಿ. ದಿನಾ ಜಗಳ. ಹೋಳಿಗೆಗೆ ಕಣಕ ದಪ್ಪವಾಯಿತೆಂದು ಒಮ್ಮೆ ತಾಟು ಎಸೆದಳು. ನೋವು ಹೆಚ್ಚಾದ ಕೊನೆಯ ವಾರ ನೀರೂ ಇಳಿಯದಾದಾಗ ಮಾತ್ರ ಬೈಗುಳ ನಿಂತಿತು. ಯುಗಾದಿ ಕಳೆದು ಎಂಟನೆಯ ದಿನ ಮಧ್ಯಾಹ್ನ ಹೋದಳು.

ಹದಿಮೂರನೆಯ ದಿನದ ಸಮಾರಾಧನೆಗೆ ಪಂಕ್ತಿ ಕೂತಿತ್ತು. ನಾನು ಮಡಿಯುಟ್ಟು ಕಡಲೆಬೇಳೆ ಬೆಲ್ಲದ ಹಯಗ್ರೀವ ಬಡಿಸುತ್ತ ಬರುತ್ತಿದ್ದೆ. ಸಾಲಿನ ನಡುವೆ ಬಿಂದುಮಾಧವ ಕಾಕಾ ಪಕ್ಕದವರಿಗೆ ಹೇಳುತ್ತಿದ್ದರು. "ಉಪವಾಸ ನಡ್ಯೂತನಕ ಗೋದಕ್ಕನ ತೂಕ ಏರ್ತಿತ್ರಿ. ಚೀಟಿ ಅವ ನನ್ನ ಹತ್ರ, ತೋರಸ್ತೀನಿ. ಈಕಿ ಉಣಸ್ಲಿಕ್ಕೆ ಸುರು ಮಾಡಿದ್ಲು, ಆರು ತಿಂಗಳದಾಗ ಮುಗೀತು."

ಪಕ್ಕದವರು ಹೌದೌದೆಂದು ತಲೆಯಾಡಿಸಿ ಅನ್ನ ಕಲಸಿದರು. ನಾನು ಕಾಕಾನ ಎಲೆಯ ಮುಂದೆ ಬಂದೆ. ಬಡಿಸಲಿಲ್ಲ. ಅವರ ಎಲೆಯಲ್ಲಿದ್ದ ಅನ್ನವನ್ನೂ ಸೌಟಿನಿಂದ ಬಳಿದು ತೆಗೆದೆ.

"ಏನಿದು?" ಎಂದರು ಕಾಕಾ.

"ಉಪವಾಸ ಮಾಡ್ರಿ, ಕಾಕಾ" ಎಂದೆ. "ಆರು ವಾರ ಮಾಡ್ರಿ. ತೂಕ ಏರ್ತದ."

ಏಕನಾಥ "ಏ, ಬಡಸು, ಬಡಸು" ಎಂದು ಓಡಿಬಂದ. ಕರ್ಮ ಮಾಡಿಸಿದ ಆಚಾರ್ಯರು ಗಾಬರಿಯಾಗಿ, ಸತ್ತವರ ಹೆಸರಿನ ಪಂಕ್ತಿಯಲ್ಲಿ ಒಬ್ಬರು ಹಸಿದು ಎದ್ದರೆ ಆ ಸತ್ತವರಿಗೇ ಸದ್ಗತಿಯಿಲ್ಲ ಎಂದರು.

"ನಲವತ್ತು ವರ್ಷ ಆಕಿ ಈ ಮನ್ಯಾಗ ಹಸದು ಎದ್ದಾಳ್ರಿ ಆಚಾರ್ರ. ಆವಾಗ ಯಾರ ಗತಿ ಕೆಟ್ಟಿತ್ತು?" ಎಂದೆ.

ಕಾಕಾ ಬರಿಯ ಎಲೆ ಬಿಟ್ಟು ಎದ್ದು ಕೈ ತೊಳೆದುಕೊಂಡು ಹೋದರು. ನಾನು ಮುಂದಿನ ಎಲೆಗೆ ಬಡಿಸಿದೆ.